ನ್ಯುಮೋ ಅಂದ್ರೆ ಗಾಳಿಯೋ, ಶ್ವಾಸಕೋಶವೋ? ಉಸಿರಾಟದ ವೈದ್ಯಕೀಯ ಪದಗಳ ಗೊಂದಲ

ಪ್ರಶ್ನೆ: ಜಿಎನ್‌ಎಂ_ಫಸ್ಟ್‌ಇಯರ್

ಕನ್ನಡ ಮೀಡಿಯಂನಿಂದ ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂಗೆ ಬಂದವರಿಗೆ ಉಸಿರಾಟದ ಅಧ್ಯಾಯದ ಪದಗಳೇ ದೊಡ್ಡ ತಲೆನೋವು. ಬಾಯಿಪಾಠ ಮಾಡಿದ್ದು ಮೂರು ದಿನಕ್ಕೆ ಮರೆತುಹೋಗತ್ತೆ. ತಿಳಿದವರು ದಯವಿಟ್ಟು ಇವನ್ನು ಬಿಡಿಸಿ ಹೇಳಿ.

‘ನ್ಯುಮೋ’ ಅಂದ್ರೆ ಶ್ವಾಸಕೋಶ ಅಂತ ನೋಟ್ಸ್‌ನಲ್ಲಿದೆ. ಹಾಗಾದ್ರೆ ನ್ಯುಮೋಥೊರಾಕ್ಸ್ ಅಂದ್ರೆ ‘ಎದೆಯಲ್ಲಿ ಶ್ವಾಸಕೋಶ’ ಅಂತಾನಾ? ಅದು ಎಲ್ಲರಿಗೂ ಇದ್ದೇ ಇರತ್ತಲ್ಲ!

ಎಂಫಿಸೀಮಾ, ಎಂಪೈಮಾ ಎರಡೂ ಕಿವಿಗೆ ಒಂದೇ ಥರ ಕೇಳಿಸತ್ತೆ. ಹಿಮಾಪ್ಟಿಸಿಸ್, ಥೈಸಿಸ್ ಕೂಡ ಹಾಗೇ. ಟ್ರೇಕಿಯಾಟಮಿ, ಟ್ರೇಕಿಯಾಸ್ಟಮಿ ಒಂದೇನಾ, ಬೇರೆನಾ?

ಕೇಸ್‌ಶೀಟ್‌ನಲ್ಲಿ ಹೀಗೆ ಬರೆದಿರ್ತಾರೆ: “ಆರ್‌ಎಸ್: ಟ್ರೇಕಿಯಾ ಬಲಕ್ಕೆ. ಎಡ ಐಎಸ್‌ಎ, ಐಎಎ: ಎಇ ಕಡಿಮೆ, ವಿಎಫ್/ವಿಆರ್ ಕಡಿಮೆ, ಪರ್ಕಶನ್ ಸ್ಟೋನಿ ಡಲ್. ಬಲಗಡೆ ಎನ್‌ವಿಬಿಎಸ್, ಅಲ್ಲಲ್ಲಿ ರಾಂಕೈ.” ಇದನ್ನು ಓದೋದು ಹೇಗೆ? ಮನೆಯವರು “ಏನಂತೆ ಸಿಸ್ಟರ್?” ಅಂದಾಗ ಕನ್ನಡದಲ್ಲಿ ಏನಂತ ಹೇಳೋದು?

ಉತ್ತರ: ಅನಾಟಮಿ_ಮೇಷ್ಟ್ರು

ನಿಮ್ಮ ನೋಟ್ಸ್ ಅರ್ಧ ಸರಿ ಇದೆ. ಗ್ರೀಕ್‌ನಲ್ಲಿ ಎರಡು ಪದ ಇವೆ, ಅಕ್ಕತಂಗಿಯರ ಹಾಗೆ. ‘ನ್ಯುಮ’ ಅಂದ್ರೆ ಉಸಿರು, ಗಾಳಿ. ‘ನ್ಯುಮೋನ್’ ಅಂದ್ರೆ ಶ್ವಾಸಕೋಶ. ಇಂಗ್ಲಿಷಿಗೆ ಬರುವಾಗ ಎರಡೂ ಸವೆದು ‘ನ್ಯುಮೋ’ ಆದವು. ಪರೀಕ್ಷೆಗೆ ಸಾಕಾಗುವ ಗುರುತು ಇಷ್ಟು: ‘ನ್ಯುಮೋ’ ಆದಮೇಲೆ ಇನ್ನೊಂದು ‘ನ’ ಬಂದರೆ ಶ್ವಾಸಕೋಶ. ನ್ಯುಮೋನಿಯಾ, ನ್ಯುಮೋನೈಟಿಸ್, ನ್ಯುಮೋನೆಕ್ಟಮಿ. ‘ನ’ ಬರದಿದ್ದರೆ ಬಹುಪಾಲು ಗಾಳಿ. ನ್ಯುಮೋಥೊರಾಕ್ಸ್ ಹಾಗೆ, ಕರುಳು ತೂತಾಗಿ ಹೊಟ್ಟೆಯೊಳಗೆ ಗಾಳಿ ಸೇರುವ ನ್ಯುಮೋಪೆರಿಟೋನಿಯಂ ಕೂಡ ಹಾಗೆ. ಈ ಗುರುತಿಗೆ ಸಿಗದೆ ಓಡಿಹೋಗುವವೂ ಇವೆ: ನ್ಯುಮೋಕೋನಿಯೋಸಿಸ್ ಮತ್ತು ನ್ಯುಮೋಸೈಟ್. ಮೊದಲನೆಯದು ಧೂಳಿನಿಂದ ಬರುವ ಶ್ವಾಸಕೋಶದ ರೋಗ. ಕಲ್ಲು ಒಡೆಯುವವರಿಗೆ ಬರುವ ಸಿಲಿಕೋಸಿಸ್ ಅದರಲ್ಲೊಂದು. ಎರಡನೆಯದು ಗಾಳಿಗೂಡಿನ ಗೋಡೆಯ ಜೀವಕೋಶ. ಎರಡರಲ್ಲೂ ‘ನ’ ನುಂಗಿಹೋಗಿದೆ, ಅರ್ಥ ಮಾತ್ರ ಶ್ವಾಸಕೋಶವೇ.

ಈ ಪದಗಳನ್ನು ಬಾಲದಿಂದ ಓದಬೇಕು. ಕನ್ನಡದಲ್ಲಿ ಮನೆಗೆ, ಮನೆಯಿಂದ, ಮನೆಯಲ್ಲಿ ಅಂದಾಗ ಕೊನೆಯ ಪ್ರತ್ಯಯ ಕೇಳಿದ ಮೇಲೇ ತಾನೇ ಹೋಗೋದೋ ಬರೋದೋ ತಿಳಿಯೋದು? ಇಲ್ಲೂ ಅದೇ. ‘ಐಟಿಸ್’ ಉರಿಯೂತ. ‘ಎಕ್ಟಮಿ’ ಕತ್ತರಿಸಿ ತೆಗೆಯೋದು. ‘ಒಟಮಿ’ ಬರೀ ಕೊಯ್ದು ತೆರೆಯೋದು. ‘ಆಸ್ಟಮಿ’ ಕೊಯ್ದು ಬಾಯಿ ಮಾಡಿ ಹಾಗೇ ಬಿಡೋದು. ಗ್ರೀಕ್‌ನಲ್ಲಿ ‘ಸ್ಟೋಮ’ ಅಂದ್ರೇ ಬಾಯಿ. ‘ಸೆಂಟಿಸಿಸ್’ ಸೂಜಿ ಚುಚ್ಚೋದು. ಹಾಗಾಗಿ ಟ್ರೇಕಿಯಾಟಮಿ ಅನ್ನೋದು ಶ್ವಾಸನಾಳವನ್ನು ಕೊಯ್ಯುವ ಕೆಲಸ, ಟ್ರೇಕಿಯಾಸ್ಟಮಿ ಅನ್ನೋದು ಟ್ಯೂಬ್ ಕೂರುವ ಬಾಯಿ. ವಾರ್ಡ್‌ನಲ್ಲಿ ಎರಡನ್ನೂ ಅದಲುಬದಲು ಹೇಳ್ತಾರೆ, ಉತ್ತರಪತ್ರಿಕೆಯಲ್ಲಿ ಹಾಗೆ ಬರೆಯಬೇಡಿ.

ಥೊರಾಕ್ಸ್‌ನ ಸಾಲು ಒಮ್ಮೆ ಕಲಿತರೆ ಮುಗೀತು. ಮುಂದಿರೋದು ‘ಏನು’, ಹಿಂದಿರೋದು ‘ಎಲ್ಲಿ’. ನ್ಯುಮೋ ಗಾಳಿ, ಹೀಮೋ ರಕ್ತ, ಹೈಡ್ರೋ ನೀರು, ಪಯೋ ಕೀವು, ಕೈಲೋ ಹಾಲಿನಂಥ ಕೊಬ್ಬಿನ ದ್ರವ. ಥೊರಾಕ್ಸ್ ಅಂದ್ರೆ ಎದೆಗೂಡು ನಿಜ, ಆದರೆ ಈ ಪದಗಳಲ್ಲಿ ಅದು ಪ್ಲೂರಾದ ಎರಡು ಪದರದ ನಡುವಿನ ಜಾಗ. ಒಂದು ಪದರ ಶ್ವಾಸಕೋಶಕ್ಕೆ ಅಂಟಿದೆ, ಇನ್ನೊಂದು ಎದೆಗೂಡಿನ ಒಳಗೋಡೆಗೆ. ನಡುವೆ ಇರೋದು ಜಾರಲು ಬೇಕಾದಷ್ಟು ಪಸೆ, ಕೆಲವೇ ಎಂಎಲ್. ಅಲ್ಲಿಗೆ ಗಾಳಿ ನುಗ್ಗಿದರೆ ಶ್ವಾಸಕೋಶ ಕುಗ್ಗತ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಅದು: ಎದೆಯಲ್ಲಿ ಶ್ವಾಸಕೋಶ ಅಲ್ಲ, ಶ್ವಾಸಕೋಶದ ಸುತ್ತ ಗಾಳಿ.

ಎಂಫಿಸೀಮಾದ ಒಳಗಿರೋದು ‘ಊದು’ ಅನ್ನುವ ಧಾತು. ಗಾಳಿಗೂಡುಗಳ ನಡುಗೋಡೆ ಹಾಳಾಗಿ ಸಣ್ಣ ಸಣ್ಣ ಕೋಣೆ ಸೇರಿ ದೊಡ್ಡ ಹಜಾರ ಆಗಿರತ್ತೆ; ಒಳಗೆ ಹೋದ ಗಾಳಿ ಸುಲಭಕ್ಕೆ ಹೊರಗೆ ಬರಲ್ಲ. ಎಂಪೈಮಾದ ಒಳಗಿರೋದು ‘ಪಯಾನ್’, ಅಂದ್ರೆ ಕೀವು. ಪ್ಲೂರಾದ ನಡುವೆ ಕೀವು ತುಂಬಿದೆ, ಟ್ಯೂಬ್ ಹಾಕಿ ಹೊರಗೆ ಬಿಡಬೇಕು. ಚರ್ಮದ ಕೆಳಗೆ ಗಾಳಿ ಸೇರಿದರೂ ಎಂಫಿಸೀಮಾ ಅಂತಲೇ ಕರೀತಾರೆ, ಮುಂದೆ ‘ಸರ್ಜಿಕಲ್’ ಅಥವಾ ‘ಸಬ್‌ಕ್ಯುಟೇನಿಯಸ್’ ಸೇರಿಸಿ. ಅಲ್ಲಿ ಬೆರಳಿಟ್ಟು ಒತ್ತಿದರೆ ಬಟ್ಟೆಯ ಕೆಳಗೆ ಮಂಡಕ್ಕಿ ಒತ್ತಿದ ಹಾಗೆ ಚರಚರ ಅನ್ನತ್ತೆ.

ಹಿಮಾಪ್ಟಿಸಿಸ್‌ನ ‘ಪ್ಟಿಸಿಸ್’ ಉಗುಳೋದು. ಥೈಸಿಸ್ ಅಂದ್ರೆ ಸವೆದುಹೋಗೋದು, ಸೊರಗೋದು. ಟಿಬಿಗೆ ಹಳೆಯ ಹೆಸರು. ನಮ್ಮ ‘ಕ್ಷಯ’ ಪದದ ಅರ್ಥವೂ ಅಕ್ಷರಶಃ ಅದೇ. ಇವತ್ತಿನ ಟಿಬಿ ಪೋರ್ಟಲ್‌ಗೆ ‘ನಿಕ್ಷಯ್’ ಅಂತ ಹೆಸರಿಟ್ಟಿದ್ದೂ ಅದರಿಂದಲೇ.

ಇನ್ನು ‘ಪ್ನಿಯಾ’, ಅಂದ್ರೆ ಉಸಿರಾಟ. ಇಲ್ಲಿ ಮುಖ್ಯ ವ್ಯತ್ಯಾಸ ಒಂದಿದೆ. ಡಿಸ್ಪ್ನಿಯಾ (ಉಸಿರಾಡೋಕೆ ಕಷ್ಟ) ರೋಗಿ ಹೇಳೋದು, ಟ್ಯಾಕಿಪ್ನಿಯಾ (ವೇಗದ ಉಸಿರಾಟ) ನೀವು ಎಣಿಸೋದು. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸಹಜ. ಮಕ್ಕಳಲ್ಲಿ ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ‘ವೇಗದ ಉಸಿರಾಟ’. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ಲೆಕ್ಕ ನಾಲ್ಕು ತಪ್ಪತ್ತೆ. ಎಳೆಮಕ್ಕಳು ಸಮನಾಗಿ ಉಸಿರಾಡೋದೂ ಇಲ್ಲ. ಆರ್ಥೋಪ್ನಿಯಾದ ‘ಆರ್ಥೋ’ ಅಂದ್ರೆ ನೆಟ್ಟಗೆ: ಮಲಗಿದರೆ ಉಸಿರು ಕಟ್ಟತ್ತೆ, ಎದ್ದು ಕೂತರೆ ಹಗುರ. ಎಷ್ಟು ದಿಂಬು ಬೇಕು ಅಂತ ಕೇಳಿ ಬರೆಯೋದು ಅದಕ್ಕೇ. ಪ್ಲಾಟಿಪ್ನಿಯಾ ಇದಕ್ಕೆ ತಿರುಗುಮುರುಗು. ಅಪರೂಪ, ಆದರೆ ಪರೀಕ್ಷೆಯವರಿಗೆ ಭಾಳ ಪ್ರೀತಿ.

ಒಟ್ಟಾರೆ ದೇಹದ ಭಾಗಗಳ ಹೆಸರು ಲ್ಯಾಟಿನ್, ರೋಗದ ಹೆಸರು ಗ್ರೀಕ್ ಅಂತ ಇಟ್ಕೊಳ್ಳಿ. ಪಲ್ಮನರಿ ಆರ್ಟರಿ ಲ್ಯಾಟಿನ್, ನ್ಯುಮೋನಿಯಾ ಗ್ರೀಕ್.

ಉತ್ತರ: ನೈಟ್‌ಡ್ಯೂಟಿ_ಸಿಸ್ಟರ್

ಕೇಸ್‌ಶೀಟ್ ಸಾಲು ನಾನು ಬಿಡಿಸ್ತೀನಿ. ಆರ್‌ಎಸ್ ಅಂದ್ರೆ ರೆಸ್ಪಿರೇಟರಿ ಸಿಸ್ಟಂ. ಐಎಸ್‌ಎ ಅಂದ್ರೆ ಇನ್‌ಫ್ರಾಸ್ಕ್ಯಾಪುಲರ್ ಏರಿಯಾ, ಬೆನ್ನಲ್ಲಿ ಹೆಗಲಮೂಳೆಯ ಕೆಳಗೆ. ಐಎಎ ಇನ್‌ಫ್ರಾ ಆಕ್ಸಿಲರಿ, ಕಂಕುಳ ಕೆಳಗಿನ ಪಕ್ಕೆ. ಎಇ ಏರ್ ಎಂಟ್ರಿ. ಎನ್‌ವಿಬಿಎಸ್ ಅಂದ್ರೆ ನಾರ್ಮಲ್ ವೆಸಿಕ್ಯುಲರ್ ಬ್ರೆತ್ ಸೌಂಡ್ಸ್, ಸಹಜವಾದ ಮೆತ್ತಗಿನ ಉಸಿರಿನ ಸದ್ದು. ವಿಎಫ್, ವಿಆರ್ ಎರಡಕ್ಕೂ ರೋಗಿಯಿಂದ “ಒಂದು, ಒಂದು” ಅನ್ನಿಸ್ತಾರೆ. ಎದೆ ಮೇಲೆ ಅಂಗೈ ಇಟ್ಟು ನಡುಕ ನೋಡಿದರೆ ವೋಕಲ್ ಫ್ರೆಮಿಟಸ್, ಸ್ಟೆತಸ್ಕೋಪ್ ಇಟ್ಟು ಕೇಳಿದರೆ ವೋಕಲ್ ರೆಸೊನೆನ್ಸ್.

ಈಗ ಸಾಲನ್ನು ಒಟ್ಟಿಗೆ ಓದಿ. ಎಡಗಡೆ ಕೆಳಭಾಗಕ್ಕೆ ಗಾಳಿ ಹೋಗ್ತಿಲ್ಲ, ಮಾತಿನ ನಡುಕ ಕೈಗೆ ಬರ್ತಿಲ್ಲ, ಬೆರಳಿನಿಂದ ತಟ್ಟಿದರೆ ಕಲ್ಲು ತಟ್ಟಿದ ಹಾಗಿದೆ, ಶ್ವಾಸನಾಳ ಬಲಕ್ಕೆ ಸರಿದಿದೆ. ಇದು ಎಡಗಡೆ ಪ್ಲೂರಲ್ ಎಫ್ಯೂಷನ್, ಶ್ವಾಸನಾಳವನ್ನೇ ತಳ್ಳುವಷ್ಟು ನೀರು. ಶ್ವಾಸನಾಳ ಯಾವ ಕಡೆ ಅನ್ನೋದು ದೊಡ್ಡ ಸುಳಿವು. ನೀರು, ಗಾಳಿ ಆಚೆ ತಳ್ತವೆ. ಕೊಲ್ಯಾಪ್ಸ್ (ಒಳಗಿನ ಗಾಳಿ ಬರಿದಾಗಿ ಶ್ವಾಸಕೋಶ ಕುಗ್ಗೋದು), ಫೈಬ್ರೋಸಿಸ್ (ಗಾಯದ ನಾರು ಕಟ್ಟೋದು) ಈಚೆ ಎಳೀತವೆ. ನ್ಯುಮೋನಿಯಾದ ಕನ್ಸಾಲಿಡೇಶನ್‌ನಲ್ಲಿ ಅದು ನಡುವೆಯೇ ಇರತ್ತೆ.

ಕನ್ಸಾಲಿಡೇಶನ್‌ನಲ್ಲೂ ತಟ್ಟಿದರೆ ಡಲ್ಲೇ, ಆದರೆ ವಿಎಫ್ ಹೆಚ್ಚು. ಯಾಕೆ? ಅಲ್ಲಿ ಗಾಳಿಗೂಡುಗಳಲ್ಲಿ ಗಾಳಿ ಬದಲು ರಸ ತುಂಬಿ ಶ್ವಾಸಕೋಶವೇ ಗಟ್ಟಿ ಆಗಿದೆ, ಉಸಿರಿನ ನಾಳ ಮಾತ್ರ ತೆರೆದಿದೆ. ಗಟ್ಟಿ ವಸ್ತುವಿನಲ್ಲಿ ಸದ್ದು ಚೆನ್ನಾಗಿ ಸಾಗಿ ಎದೆಗೋಡೆಗೆ ಬರತ್ತೆ. ಎಫ್ಯೂಷನ್‌ನಲ್ಲಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ನೀರಿನ ಪದರ ನಿಂತಿದೆ, ಸದ್ದು ಅಲ್ಲೇ ವಾಪಸ್. ನ್ಯುಮೋಥೊರಾಕ್ಸ್‌ನಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು. ಇದನ್ನು ಅರ್ಥ ಮಾಡ್ಕೊಂಡರೆ ಕೋಷ್ಟಕ ಬಾಯಿಪಾಠ ಬೇಕಿಲ್ಲ.

ಎಕ್ಸ್-ರೇ ರಿಪೋರ್ಟ್‌ನಲ್ಲಿ “ಸಿಪಿ ಆಂಗಲ್ ಬ್ಲಂಟೆಡ್” ಅಂತಿದ್ದರೆ ಪಕ್ಕೆಲುಬು ಮತ್ತು ವಪೆ (ಡಯಾಫ್ರಂ) ಕೂಡುವ ಚೂಪು ಮೂಲೆ ಮೊಂಡಾಗಿದೆ ಅಂತ. ನಿಂತು ತೆಗೆದ ಪಿಎ ಫಿಲ್ಮ್‌ನಲ್ಲಿ ಇದು ಕಾಣೋಕೆ ಸುಮಾರು 200 ಎಂಎಲ್ ನೀರು ಬೇಕು. ಮಲಗಿಸಿ ತೆಗೆದರೆ ನೀರು ಬೆನ್ನಿನ ಕಡೆ ಹರಡಿ ಆ ಇಡೀ ಬದಿ ಮಬ್ಬಾಗಿ ಕಾಣತ್ತೆ, ಮೂಲೆ ಚೂಪಾಗೇ ಇರಬಹುದು. ಅದಕ್ಕೆ ಫಿಲ್ಮ್ ಮೇಲೆ ಸುಪೈನ್ (ಅಂಗಾತ) ಅಂತ ಬರೆದಿದೆಯಾ ನೋಡಿ.

ಇಂಥ ರೋಗಿಗೆ ಮುಂದೆ ಬರೋ ಪದ ಥೊರಾಸೆಂಟಿಸಿಸ್. ವಾರ್ಡ್ ಮಾತಲ್ಲಿ ಪ್ಲೂರಲ್ ಟ್ಯಾಪ್. ಕಾರ್ಡಿಯಾಕ್ ಟೇಬಲ್ ಮೇಲೆ ದಿಂಬು ಇಟ್ಟು, ಮುಂದಕ್ಕೆ ಬಾಗಿ ಕೈ ಚಾಚಿ ಕೂರಿಸಬೇಕು. ಸೂಜಿ ಯಾವಾಗಲೂ ಕೆಳಗಿನ ಪಕ್ಕೆಲುಬಿನ ಮೇಲಂಚಿನಲ್ಲೇ ಹೋಗೋದು, ಯಾಕಂದ್ರೆ ರಕ್ತನಾಳ, ನರ ಪ್ರತಿ ಪಕ್ಕೆಲುಬಿನ ಕೆಳಂಚಿನ ತೋಡಿನಲ್ಲಿ ಓಡ್ತವೆ. ಒಮ್ಮೆಗೆ ಸಾಮಾನ್ಯವಾಗಿ 1.5 ಲೀಟರ್‌ಗಿಂತ ಹೆಚ್ಚು ತೆಗೆಯಲ್ಲ. ರೋಗಿ ನಡುವೆ ಬಿಡದೆ ಕೆಮ್ಮೋಕೆ ಶುರು ಮಾಡಿದರೆ, ಎದೆ ಬಿಗಿ ಅಂದರೆ ಕೂಡಲೇ ಡಾಕ್ಟರಿಗೆ ಹೇಳಿ. ಕುಗ್ಗಿದ್ದ ಶ್ವಾಸಕೋಶ ತಟಕ್ಕನೆ ಹಿಗ್ಗಿದಾಗ ಅದರೊಳಗೇ ನೀರು ಇಳಿಯಬಹುದು. ಸ್ಯಾಂಪಲ್‌ನಲ್ಲಿ ಸೆಲ್ ಕೌಂಟ್‌ಗೆ ನೇರಳೆ ಮುಚ್ಚಳ, ಶುಗರ್‌ಗೆ ಬೂದು ಮುಚ್ಚಳ, ಕಲ್ಚರ್‌ಗೆ ಸ್ಟೆರೈಲ್ ಡಬ್ಬಿ. ಪ್ರೋಟೀನ್, ಎಲ್‌ಡಿಎಚ್ (ಒಂದು ಕಿಣ್ವ) ಕಳಿಸುವಾಗ ರಕ್ತದ ಸ್ಯಾಂಪಲ್ಲನ್ನೂ ಜೊತೆಗೇ ಕಳಿಸಿ. 1972ರ ಲೈಟ್ಸ್ ಕ್ರೈಟೀರಿಯಾ ನೀರಿನ ಅಂಶವನ್ನು ರಕ್ತದ ಅಂಶದ ಜೊತೆ ಹೋಲಿಸಿಯೇ ಲೆಕ್ಕ ಹಾಕೋದು: ಪ್ರೋಟೀನ್ ಅನುಪಾತ 0.5 ದಾಟಿದರೆ, ಅಥವಾ ಎಲ್‌ಡಿಎಚ್ ಅನುಪಾತ 0.6 ದಾಟಿದರೆ, ಅಥವಾ ನೀರಿನ ಎಲ್‌ಡಿಎಚ್ ರಕ್ತದ ಸಹಜ ಮೇಲ್ಮಿತಿಯ ಮೂರರಲ್ಲಿ ಎರಡು ಪಾಲು ದಾಟಿದರೆ ಎಕ್ಸುಡೇಟ್, ಅಂದ್ರೆ ಉರಿಯೂತದಂಥ ಕಾರಣಕ್ಕೆ ಒಸರಿದ ನೀರು. ರಕ್ತ ಕಳಿಸೋದು ಮರೆತರೆ ಅರ್ಧ ಲೆಕ್ಕ ಬಿದ್ದುಹೋಗತ್ತೆ.

ಇನ್ನೊಂದು, ಸಂಕ್ಷೇಪಗಳ ಮೇಲೆ ಕಣ್ಣಿಡಿ. ‘ಪಿಇ’ ಅಂದ್ರೆ ಪ್ಲೂರಲ್ ಎಫ್ಯೂಷನ್ನೂ ಆಗತ್ತೆ, ಪಲ್ಮನರಿ ಎಂಬಾಲಿಸಮ್ಮೂ (ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಅಡ್ಡ ಸಿಕ್ಕೋದು) ಆಗತ್ತೆ. ಒಂದಕ್ಕೆ ನೀರು ತೆಗೀತಾರೆ, ಇನ್ನೊಂದಕ್ಕೆ ಹೆಪ್ಪು ತಡೆಯುವ ಹೆಪಾರಿನ್ ಕೊಡ್ತಾರೆ. ‘ಎಇ’ ಏರ್ ಎಂಟ್ರಿ, ಆದರೆ ಸಿಒಪಿಡಿ (ಉಸಿರಿನ ನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಮುಂದೆ ಬಂದರೆ ಅಕ್ಯೂಟ್ ಎಕ್ಸಾಸರ್ಬೇಶನ್, ಅಂದ್ರೆ ಕಾಯಿಲೆ ಏಕಾಏಕಿ ಉಲ್ಬಣಿಸೋದು. ‘ಬಿಎಸ್’ ಎದೆಯಲ್ಲಿ ಬ್ರೆತ್ ಸೌಂಡ್, ಹೊಟ್ಟೆಯಲ್ಲಿ ಬವೆಲ್ ಸೌಂಡ್. ಹ್ಯಾಂಡೋವರ್‌ನಲ್ಲಿ ಪೂರ್ತಿ ಪದ ಹೇಳಿ, ಎರಡು ಸೆಕೆಂಡ್ ಹೆಚ್ಚಾಗಬಹುದು ಅಷ್ಟೇ.

ಮತ್ತೆ ಐಸಿಡಿ ಟ್ಯೂಬ್ (ಪ್ಲೂರಾದ ನಡುವಿನ ಗಾಳಿ, ನೀರನ್ನು ಬಾಟಲಿಗೆ ಬಿಡುವ ಕೊಳವೆ) ಇರುವ ರೋಗಿಗೆ “ಕಾಲಂ ಮೂವಿಂಗ್” ಅಂತ ಬರೆಯೋದು ಬಾಟಲ್‌ನ ನೀರಿನ ಮಟ್ಟ ಉಸಿರಿನ ಜೊತೆ ಏರಿಳಿಯುತ್ತೆ, ಟ್ಯೂಬ್ ಕಟ್ಟಿಲ್ಲ ಅಂತ. ಒಳಗಿನ ಕೊಳವೆ ತುದಿ ಸುಮಾರು 2 ಸೆಂಮೀ ನೀರಲ್ಲಿ ಮುಳುಗಿರಬೇಕು, ಬಾಟಲ್ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಗುಳ್ಳೆ ಬರ್ತಿರೋ ಟ್ಯೂಬನ್ನು ಎಕ್ಸ್-ರೇಗೆ ಕರ್ಕೊಂಡು ಹೋಗುವಾಗ ಕ್ಲ್ಯಾಂಪ್ ಮಾಡಲೇಬಾರದು. ಒಳಗೆ ಸೋರ್ತಿರೋ ಗಾಳಿಗೆ ದಾರಿ ಮುಚ್ಚಿ ಟೆನ್ಷನ್ ನ್ಯುಮೋಥೊರಾಕ್ಸ್ ಆಗತ್ತೆ.

ಉತ್ತರ: ಸ್ಟೆತ್_ಹಿಡಿದವ

ಮೇಷ್ಟ್ರೇ, ಬಿಡಿಸಿದ್ದು ಚೆನ್ನಾಗಿದೆ. ಆದರೆ ಭಾಗಗಳ ಹೆಸರು ಲ್ಯಾಟಿನ್ ಅನ್ನೋ ಸೂತ್ರ ನಿಲ್ಲಲ್ಲ. ಫ್ಯಾರಿಂಕ್ಸ್, ಲ್ಯಾರಿಂಕ್ಸ್, ಟ್ರೇಕಿಯಾ, ಬ್ರಾಂಕಸ್, ಪ್ಲೂರಾ, ಥೊರಾಕ್ಸ್ ಎಲ್ಲವೂ ಮೂಲದಲ್ಲಿ ಗ್ರೀಕ್. ಲ್ಯಾಟಿನ್ ಉಳಿದಿರೋದು ಪಲ್ಮೋ, ಆಲ್ವಿಯೋಲಸ್, ಕರೈನಾ ಥರದ ಕೆಲವಕ್ಕೆ. ಟ್ರೇಕಿಯಾ ಅಂದ್ರೆ ಮೂಲದಲ್ಲಿ ‘ಒರಟು’ ಅಂತಷ್ಟೇ. ಸತ್ತವರ ಅಪಧಮನಿ ಖಾಲಿ ಕಾಣುತ್ತಿದ್ದರಿಂದ ಅದರಲ್ಲೂ ಗಾಳಿ ಹರಿಯುತ್ತೆ ಅಂತ ಹಳೆಯ ಗ್ರೀಕರು ನಂಬಿದ್ದರು. ಗಂಟಲಿನದು ‘ಒರಟು ಆರ್ಟರಿ’ ಆಯ್ತು, ಆಮೇಲೆ ಆರ್ಟರಿ ಬಿದ್ದುಹೋಗಿ ‘ಒರಟು’ ಮಾತ್ರ ಉಳೀತು. ಮುಟ್ಟಿ ನೋಡಿದರೆ ಹೆಸರು ಸರಿಯೇ: 10–12 ಸೆಂಮೀ ನಾಳದಲ್ಲಿ 16ರಿಂದ 20 ಮೃದ್ವಸ್ಥಿ ಬಳೆ, ಹಿಂದೆ ತೆರೆದಿರುವ ಇಂಗ್ಲಿಷ್ ಸಿ ಅಕ್ಷರದ ಆಕಾರ.

ಕರೈನಾ ಅಂದ್ರೆ ದೋಣಿಯ ತಳದ ಏಣು. ಶ್ವಾಸನಾಳ ಎರಡಾಗುವ ಕಡೆ ಒಳಗಿಂದ ನೋಡಿದರೆ ಹಾಗೇ ಕಾಣತ್ತೆ. ಅಲ್ಲಿಂದ ಬಲದ ಬ್ರಾಂಕಸ್ ಗಿಡ್ಡ, ಅಗಲ, ಹೆಚ್ಚು ನೆಟ್ಟಗೆ. ಮಗುವಿನ ಉಸಿರುದಾರಿಗೆ ಹೋದ ಶೇಂಗಾ ಬೀಜ ಹೆಚ್ಚಾಗಿ ಬಲಕ್ಕೆ ಜಾರೋದು, ಇಂಟ್ಯುಬೇಶನ್ ಟ್ಯೂಬ್ ಆಳಕ್ಕೆ ಹೋದರೆ ಬಲಕ್ಕೆ ಸೇರಿ ಎಡಗಡೆ ಏರ್ ಎಂಟ್ರಿ ನಿಂತುಹೋಗೋದು ಇದರಿಂದಲೇ. ಟ್ಯೂಬ್ ಹಾಕಿದ ಮೇಲೆ ಎರಡೂ ಕಡೆ ಕೇಳಿ, ತುಟಿಯ ಹತ್ತಿರದ ಸೆಂಮೀ ಗುರುತು ಬರೆದಿಡೋದು ಸುಮ್ಮನೆ ಅಲ್ಲ.

ಪ್ರಶ್ನೆಯಲ್ಲಿದ್ದ ರಾಂಕೈ ಬಗ್ಗೆ. ಈ ಪದದಷ್ಟು ಗೊಂದಲ ಬೇರೆ ಇಲ್ಲ. 1816ರಲ್ಲಿ ಪ್ಯಾರಿಸ್‌ನಲ್ಲಿ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ಎದೆಗಿಟ್ಟು ಕೇಳಿ ಸ್ಟೆತಸ್ಕೋಪ್ ಕಂಡುಹಿಡಿದರು. ಎದೆಯ ಹೆಚ್ಚುವರಿ ಸದ್ದಿಗೆಲ್ಲ ಫ್ರೆಂಚ್‌ನ ‘ರಾಲ್’ ಅಂದರು. ಆ ಪದ ಜನರ ಬಾಯಲ್ಲಿ ಸಾಯುವವರ ಗಂಟಲ ಗೊರಗೊರ ಆಗಿತ್ತು. ರೋಗಿಯ ಎದುರು ಹೇಳಿದರೆ ಹೆದರ್ತಾರೆ ಅಂತ ಲ್ಯಾಟಿನ್‌ನ ‘ರಾಂಕಸ್’ ಬಳಸಿದರು. ಅಂದ್ರೆ ಮೊದಲು ಎರಡೂ ಒಂದೇ! ಆಮೇಲೆ ಊರಿಗೊಂದು ಅರ್ಥ ಬಂತು. ಈಗ ಪುಸ್ತಕದಲ್ಲಿ ಮೂರು ಹೆಸರು ಸಾಕು: ಬಿಟ್ಟು ಬಿಟ್ಟು ಸಿಡಿಯೋದು ಕ್ರ್ಯಾಕಲ್, ಎಳೆದ ಸಣ್ಣ ಸ್ವರ ವೀಜ್, ಎಳೆದ ದಪ್ಪ ಗೊರಕೆಯಂಥದ್ದು ರಾಂಕಸ್. ನಮ್ಮ ವಾರ್ಡ್‌ಗಳಲ್ಲಿ ಕ್ರ್ಯಾಕಲ್ಲನ್ನು ‘ಕ್ರೆಪ್ಸ್’ ಅಂತಲೂ, ವೀಜನ್ನು ‘ರಾಂಕೈ’ ಅಂತಲೂ ಬರೆಯೋದು ರೂಢಿ. ಹಾಗಾಗಿ ಕೇಸ್‌ಶೀಟ್‌ನ ರಾಂಕೈಯನ್ನು ಬಹುಪಾಲು ವೀಜ್ ಅಂತಲೇ ಓದಿ, ಅನುಮಾನ ಇದ್ದರೆ ಕೇಳಿ.

ಫೈನ್ ಕ್ರೆಪ್ಸ್ ಹೇಗಿರತ್ತೆ ಅಂತ ತಿಳಿಯೋಕೆ ಕಿವಿಯ ಪಕ್ಕದ ನಾಲ್ಕು ಕೂದಲನ್ನು ಬೆರಳ ನಡುವೆ ಉಜ್ಜಿ ನೋಡಿ. ಕೋರ್ಸ್ ಕ್ರೆಪ್ಸ್ ಎಳನೀರು ಮುಗಿಯುವಾಗ ಸ್ಟ್ರಾದಲ್ಲಿ ಬರೋ ಸದ್ದು. ಕೆಮ್ಮಿಸಿದರೆ ಜಾಗ ಬದಲಿಸಬಹುದು, ಮಾಯವೂ ಆಗಬಹುದು. ಹಾಗೆ ಆದರೆ ಅದು ಕಫ.

ಸ್ಟ್ರೈಡರ್ ಬೇರೆಯೇ. ಉಸಿರು ಒಳಗೆ ಎಳೆಯುವಾಗ, ಸ್ಟೆತಸ್ಕೋಪ್ ಇಲ್ಲದೆಯೇ ಕೇಳಿಸುವ ಕರ್ಕಶ ಸದ್ದು. ಅಡ್ಡಿ ಗಂಟಲಮಟ್ಟದಲ್ಲಿದೆ ಅಂತ ಅರ್ಥ. ಇದನ್ನು ವೀಜ್ ಅಂದುಕೊಂಡು ಸಾಲ್ಬುಟಮಾಲ್ ನೆಬುಲೈಸೇಶನ್ ಕೊಡ್ತಾ ಕೂತರೆ ಸಮಯ ಹೋಗತ್ತೆ, ಯಾಕಂದ್ರೆ ಆ ಔಷಧ ಕೆಲಸ ಮಾಡೋದು ಕೆಳಗಿನ ಸಣ್ಣ ನಾಳಗಳ ಸ್ನಾಯು ಮೇಲೆ. ಡಾಕ್ಟರನ್ನು ತಕ್ಷಣ ಕರೀರಿ. ಇನ್ನೊಂದು ಮೋಸ: ಅಸ್ತಮಾ ರೋಗಿಯ ವೀಜ್ ಇದ್ದಕ್ಕಿದ್ದಂತೆ ನಿಂತು, ರೋಗಿ ಸುಸ್ತಾಗಿ ಮಾತಾಡದಿದ್ದರೆ ಅದು ಗುಣ ಅಲ್ಲ. ಸೀಟಿ ಊದೋಕೂ ಗಾಳಿ ಬೇಕಲ್ಲ. ಅದನ್ನೇ ಸೈಲೆಂಟ್ ಚೆಸ್ಟ್ ಅನ್ನೋದು.

ಹೈಪಾಕ್ಸಿಯಾ ಮತ್ತು ಹೈಪಾಕ್ಸೀಮಿಯಾ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ‘ಈಮಿಯಾ’ ಬಾಲ ಬಂದರೆ ವಿಷಯ ರಕ್ತದ್ದು. ಹೈಪಾಕ್ಸೀಮಿಯಾ ರಕ್ತದಲ್ಲಿ ಆಮ್ಲಜನಕ ಕಡಿಮೆ, ಹೈಪಾಕ್ಸಿಯಾ ಅಂಗಾಂಶಕ್ಕೆ ಕಡಿಮೆ. ತೀವ್ರ ರಕ್ತಹೀನತೆಯಲ್ಲಿ ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಲೇ ಅಂಗಾಂಶ ಹಸಿದಿರಬಹುದು. ಮೆಷಿನ್ ಹೇಳೋದು ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ತುಂಬಿದೆ ಅಂತ, ಹಿಮೋಗ್ಲೋಬಿನ್ ಎಷ್ಟಿದೆ ಅಂತ ಅಲ್ಲ. ಎಸ್‌ಪಿಒ2 (ಆಕ್ಸಿಮೀಟರ್ ತೋರಿಸುವ ಅಂಕಿ) 90 ಅಂದ್ರೆ ಅಪಧಮನಿ ರಕ್ತದ ಪರೀಕ್ಷೆಯಾದ ಎಬಿಜಿಯಲ್ಲಿ ಪಿಎಒ2 (ಆಮ್ಲಜನಕದ ಒತ್ತಡ) ಸುಮಾರು 60. ಅದರ ಕೆಳಗೆ ಗೆರೆ ಜಾರುಬಂಡೆ ಥರ ಇಳಿಯತ್ತೆ. ಸಿಒಪಿಡಿಯವರಿಗೆ ಗುರಿ 88–92. ಅವರಿಗೆ 99 ಮಾಡೋಕೆ ಹೋಗಿ ಇಂಗಾಲದ ಡೈಆಕ್ಸೈಡ್ ಏರಿದರೆ ಅದರ ಹೆಸರು ಹೈಪರ್‌ಕ್ಯಾಪ್ನಿಯಾ. ‘ಕ್ಯಾಪ್ನೋಸ್’ ಅಂದ್ರೆ ಗ್ರೀಕ್‌ನಲ್ಲಿ ಹೊಗೆ.

ಉತ್ತರ: ಪದ_ಹುಡುಕುವವಳು

ಕನ್ನಡದಲ್ಲಿ ಹೇಳೋದರ ಬಗ್ಗೆ ನನ್ನದು. ಎಡವೋದು ಇಂಗ್ಲಿಷಿಂದ ಕನ್ನಡಕ್ಕೆ ಬರುವಾಗ ಅಷ್ಟೇ ಅಲ್ಲ, ರೋಗಿಯ ಕನ್ನಡವನ್ನು ಕೇಸ್‌ಶೀಟ್‌ನ ಇಂಗ್ಲಿಷಿಗೆ ಇಳಿಸುವಾಗ ಇನ್ನೂ ಹೆಚ್ಚು.

“ದಮ್ಮು ಐತ್ರಿ” ಅಂದರೆ ಅಸ್ತಮಾ ಅಂತ ಬರೆಯಬೇಡಿ. ಉತ್ತರ ಕರ್ನಾಟಕದಲ್ಲಿ ದಮ್ಮು ಅಂದ್ರೆ ಏದುಸಿರು ಬರುವ ಯಾವ ಕಾಯಿಲೆಯೂ ಆಗಬಹುದು. ಸಿಒಪಿಡಿ, ಹೃದಯ ವೈಫಲ್ಯ, ರಕ್ತಹೀನತೆ ಎಲ್ಲಾ ಅದರಲ್ಲಿ ಸೇರಿಕೊಂಡಿವೆ. ಈ ಕಡೆಯ ಗೂರಲು, ಉಬ್ಬಸ ಅಸ್ತಮಾಕ್ಕೆ ಸ್ವಲ್ಪ ಹತ್ತಿರ, ಆದರೆ ಅವೂ ಪಕ್ಕಾ ಅಲ್ಲ. ಬ್ರೆತ್‌ಲೆಸ್‌ನೆಸ್ ಅಂತ ಬರೆದು, ಮಲಗಿದರೆ ಹೆಚ್ಚೋ, ಮೆಟ್ಟಿಲು ಹತ್ತಿದರೆ ಹೆಚ್ಚೋ, ರಾತ್ರಿ ಎಬ್ಬಿಸತ್ತೋ ಕೇಳಿ. ಆಯುರ್ವೇದದಲ್ಲಿ ಶ್ವಾಸ ರೋಗವನ್ನೇ ಐದು ಬಗೆ ಮಾಡಿದ್ದಾರೆ. ಅದರಲ್ಲಿ ತಮಕ ಶ್ವಾಸದ ವರ್ಣನೆ ಅಸ್ತಮಾವನ್ನು ಹೋಲತ್ತೆ. ಹಳೆಯ ಚೀಟಿಗಳಲ್ಲಿ ಆ ಹೆಸರು ಸಿಕ್ಕರೆ ಗಾಬರಿ ಬೇಡ.

“ರಕ್ತ ಕಾರಿದ್ರು” ಇನ್ನೊಂದು. ಕಾರೋದು ಅಂದ್ರೆ ನಮ್ಮಲ್ಲಿ ವಾಂತಿಗೂ ಆಗತ್ತೆ, ಕೆಮ್ಮಿ ಉಗುಳಿದ್ದಕ್ಕೂ ಆಗತ್ತೆ. ಹಿಮಾಪ್ಟಿಸಿಸ್ಸೋ ಹಿಮಾಟೆಮಿಸಿಸ್ಸೋ ಅಂತ ಬೇರೆ ಮಾಡೋಕೆ ಕೇಳಿ: ಕೆಮ್ಮಿದಾಗ ಬಂತಾ, ಹೊಟ್ಟೆ ತೊಳಸಿ ಬಂತಾ? ನೊರೆ ಇತ್ತಾ? ಕೆಂಪಗಿತ್ತಾ, ಕಾಫಿ ಪುಡಿ ಬೆರೆಸಿದ ಹಾಗೆ ಕಪ್ಪಗಿತ್ತಾ? ಅನ್ನ ಸೇರಿತ್ತಾ? ಎಷ್ಟು ಅನ್ನೋದಕ್ಕೆ ‘ತುಂಬಾ’ ಬೇಡ. ಚಮಚ, ಲೋಟ ಅಂತ ಕೇಳಿ. ಮೂಗಿನ ರಕ್ತ ಗಂಟಲಿಗೆ ಇಳಿದು ಹೊರಬಂದಿರಬಹುದು, ಅದನ್ನೂ ಕೇಳಿ.

‘ನಾಯಿಕೆಮ್ಮು’ ಅಂತೂ ಪುಸ್ತಕ ಅನುವಾದಿಸುವವರನ್ನೇ ಬೀಳಿಸತ್ತೆ. ಕನ್ನಡದಲ್ಲಿ ನಾಯಿಕೆಮ್ಮು ಅಂದ್ರೆ ಪರ್ಟುಸಿಸ್. ಕೆಮ್ಮಿ ಕೆಮ್ಮಿ ಕೊನೆಗೆ ‘ಹೂಪ್’ ಅಂತ ಉಸಿರು ಎಳೆಯೋದು. ಕ್ರೂಪ್‌ನಲ್ಲಿ ಬರುವ ‘ನಾಯಿ ಬೊಗಳಿದಂಥ ಕೆಮ್ಮು’ ಬೇರೆ ರೋಗ, ಹೆಚ್ಚಾಗಿ ವೈರಸ್‌ನದು, ಜೊತೆಗೆ ಮೇಲೆ ಹೇಳಿದ ಸ್ಟ್ರೈಡರ್. ತಾಯಿ “ನಾಯಿ ಥರ ಕೆಮ್ಮತ್ತೆ” ಅಂದರೆ ಯಾವುದು ಅಂತ ಮೊದಲು ಆ ಕೆಮ್ಮನ್ನೇ ಕೇಳಿಸಿಕೊಳ್ಳಿ. ಪರ್ಟುಸಿಸ್‌ಗೆ 6, 10, 14 ವಾರದ ಪೆಂಟಾವೇಲೆಂಟ್ ಲಸಿಕೆ ಆಗಿದೆಯಾ ಅಂತ ತಾಯಿ ಕಾರ್ಡ್ ನೋಡಿ.

ಕಿರುನಾಲಿಗೆ ಅಂದ್ರೆ ಬಾಯಿ ತೆರೆದರೆ ಹಿಂದೆ ಜೋತಾಡುವ ಯುವುಲಾ. ಎಪಿಗ್ಲಾಟಿಸ್‌ಗೂ ಕೆಲವರು ಇದನ್ನೇ ಬಳಸ್ತಾರೆ, ತಪ್ಪು. ಅದಕ್ಕೆ ‘ಶ್ವಾಸನಾಳದ ಮುಚ್ಚಳ’ ಅನ್ನಿ, ಎಲ್ಲರಿಗೂ ತಿಳಿಯತ್ತೆ. ‘ವಪೆ’ ಹೈಸ್ಕೂಲ್ ಪುಸ್ತಕ ಬಿಟ್ಟು ಎಲ್ಲೂ ಇಲ್ಲ. ಎದೆಗೂ ಹೊಟ್ಟೆಗೂ ನಡುವಿನ ಪರದೆ ಅಂದರೆ ಸಾಕು.

ನಿಮ್ಮ ಎಫ್ಯೂಷನ್ ರೋಗಿಯ ಮನೆಯವರಿಗೆ “ಎದೆಯಲ್ಲಿ ನೀರು” ಅಂತ ಅಷ್ಟೇ ಹೇಳಿ ನಿಲ್ಲಿಸಬೇಡಿ. ಪಲ್ಮನರಿ ಎಡಿಮಾಕ್ಕೂ (ಶ್ವಾಸಕೋಶದ ಒಳಗೇ ನೀರು ತುಂಬೋದು) ಎಲ್ಲರೂ ಅದನ್ನೇ ಹೇಳ್ತಾರೆ. “ಶ್ವಾಸಕೋಶದ ಹೊರಗೆ, ಅದರ ಹೊದಿಕೆಯ ಎರಡು ಪದರದ ನಡುವೆ ನೀರು ನಿಂತಿದೆ, ಒಳಗಿನ ಶ್ವಾಸಕೋಶ ಅದುಮಿಹೋಗಿದೆ, ಸೂಜಿಯಿಂದ ತೆಗೆದು ಯಾಕೆ ಬಂತು ಅಂತ ಪರೀಕ್ಷೆ ಮಾಡ್ತಾರೆ” ಅನ್ನಿ. “ನೀರು ಕುಡಿಯೋದು ಕಡಿಮೆ ಮಾಡಬೇಕಾ?” ಅಂತ ಕೇಳೇ ಕೇಳ್ತಾರೆ. ಕುಡಿದ ನೀರು ಎದೆಗೆ ಇಳಿಯಲ್ಲ. ಹೃದಯ, ಮೂತ್ರಪಿಂಡದ ಕಾರಣ ಇದ್ದರೆ ಡಾಕ್ಟರೇ ಅಳತೆ ಹೇಳ್ತಾರೆ.

ಕೊನೆಗೆ ಕಫದ ಪರೀಕ್ಷೆ. “ಉಗುಳಿ ಕೊಡಿ” ಅಂದರೆ ಡಬ್ಬಿಯಲ್ಲಿ ಬರೀ ಎಂಜಲು ಬರತ್ತೆ, ಟಿಬಿ ಇದ್ದರೂ ನೆಗೆಟಿವ್ ಬರಬಹುದು. ಬಾಯಿ ನೀರಲ್ಲಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರು ಎಳೆದು ಹಿಡಿದು, ಎದೆಯಾಳದಿಂದ ಕೆಮ್ಮಿ ಬಂದದ್ದನ್ನು ಡಬ್ಬಿಗೆ ಹಾಕಿ ಅನ್ನಬೇಕು. ಗಟ್ಟಿ, ಲೋಳೆ, ಹಳದಿ ಆದರೆ ಒಳ್ಳೆ ಸ್ಯಾಂಪಲ್. ಅರ್ಧ ಟೀ ಚಮಚದಿಂದ ಒಂದು ಚಮಚದಷ್ಟು ಸಾಕು. ಬೆಳಗ್ಗೆ ಎದ್ದ ಕೂಡಲೇ ಬರೋದು ಎಲ್ಲಕ್ಕಿಂತ ಉತ್ತಮ. ಬಚ್ಚಲಲ್ಲಿ, ಮುಚ್ಚಿದ ಕೋಣೆಯಲ್ಲಿ ಬೇಡ, ಬಯಲಲ್ಲಿ ಮಾಡಿಸಿ.

ಪ್ರಶ್ನಿಸಿದವರು: ಜಿಎನ್‌ಎಂ_ಫಸ್ಟ್‌ಇಯರ್

ಎಲ್ಲರಿಗೂ ತುಂಬಾ ಧನ್ಯವಾದ. ಬಾಲದಿಂದ ಓದೋದು ಮಾಡಿ ನೋಡಿದೆ. ಹೈಡ್ರೋನ್ಯುಮೋಥೊರಾಕ್ಸ್: ನೀರೂ ಗಾಳಿಯೂ ಪ್ಲೂರಾದ ನಡುವೆ. ಸರಿನಾ? ಆದರೆ ಅಟೆಲೆಕ್ಟಾಸಿಸ್ ಹತ್ರ ಸಿಕ್ಕಿಬಿದ್ದೆ. ಬ್ರಾಂಕಿಯೆಕ್ಟಾಸಿಸ್‌ನಲ್ಲಿ ‘ಎಕ್ಟಾಸಿಸ್’ ಅಂದ್ರೆ ಹಿಗ್ಗೋದು. ಹಾಗಿದ್ರೆ ಅಟೆಲೆಕ್ಟಾಸಿಸ್ ಕುಗ್ಗಿದ ಶ್ವಾಸಕೋಶ ಹೇಗಾಯ್ತು?

ಉತ್ತರ: ಅನಾಟಮಿ_ಮೇಷ್ಟ್ರು

ಮೊದಲನೆಯದು ಪೂರ್ತಿ ಸರಿ. ಎಕ್ಸ್-ರೇಯಲ್ಲಿ ಬರೀ ನೀರಿದ್ದರೆ ಮೇಲಂಚು ಪಕ್ಕೆಯ ಕಡೆ ಏರಿದ ಬಾಗು ಗೆರೆ. ಮೇಲೆ ಗಾಳಿಯೂ ಇದ್ದರೆ ಬಟ್ಟಲಲ್ಲಿಟ್ಟ ನೀರಿನ ಹಾಗೆ ನೇರ ಅಡ್ಡಗೆರೆ.

ಎರಡನೆಯದು: ‘ಅಟೆಲೆಸ್’ ಅಂದ್ರೆ ಅಪೂರ್ಣ. ಪೂರ್ತಿ ಹಿಗ್ಗದೆ ಉಳಿದದ್ದು ಅಟೆಲೆಕ್ಟಾಸಿಸ್. ‘ಎಕ್ಟಾಸಿಸ್’ನ ಅರ್ಥ ಬದಲಾಗಿಲ್ಲ, ಮುಂದಿನ ತುಂಡು ಅದನ್ನು ಅಡ್ಡಗಟ್ಟಿದೆ. (ಸ್ಟೆತ್ ಅವರೇ, ಲ್ಯಾಟಿನ್-ಗ್ರೀಕ್ ಸೂತ್ರ ವಾಪಸ್ ತಗೊಂಡೆ.)

ಉತ್ತರ: ನೈಟ್‌ಡ್ಯೂಟಿ_ಸಿಸ್ಟರ್

ಅಟೆಲೆಕ್ಟಾಸಿಸ್ ನೀವು ಹೆಚ್ಚು ನೋಡೋದು ಸರ್ಜಿಕಲ್ ವಾರ್ಡ್‌ನಲ್ಲಿ. ಹೊಟ್ಟೆ ಆಪರೇಶನ್ ಆದವರು ನೋವಿಗೆ ಆಳವಾಗಿ ಉಸಿರಾಡಲ್ಲ, ಶ್ವಾಸಕೋಶದ ತಳ ಹಿಗ್ಗದೆ ಉಳಿಯತ್ತೆ. ಅದಕ್ಕೇ ಮೂರು ಚೆಂಡಿನ ಸ್ಪೈರೋಮೀಟರ್ ಕೊಡೋದು. ಎಲ್ಲರೂ “ಬಾಲ್ ಊದಿ ಅಜ್ಜಿ” ಅಂತಾರೆ, ಅಜ್ಜಿ ನಿಜವಾಗಲೂ ಊದ್ತಾರೆ, ಚೆಂಡು ಏಳಲ್ಲ, ಮೆಷಿನ್ ಕೆಟ್ಟಿದೆ ಅಂತ ಪಕ್ಕಕ್ಕಿಡ್ತಾರೆ. ಅದು ಊದೋದಲ್ಲ, ಎಳೆಯೋದು. ಕೂರಿಸಿ, ಮೊದಲು ಉಸಿರು ಪೂರ್ತಿ ಹೊರಗೆ ಬಿಡಿಸಿ, ತುಟಿ ಬಿಗಿಯಾಗಿ ಮುಚ್ಚಿಸಿ, “ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ ನಿಧಾನಕ್ಕೆ ಎಳೀರಿ” ಅನ್ನಿ. ಚೆಂಡುಗಳ ಮೇಲಿರುವ 600, 900, 1200 ಅನ್ನೋದು ಸೆಕೆಂಡಿಗೆ ಎಷ್ಟು ಎಂಎಲ್ ಅಂತ. ಎರಡು ಮೂರು ಸೆಕೆಂಡ್ ಉಸಿರು ಹಿಡಿದು ಬಿಡಬೇಕು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ, ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿಸಿ. ನೋವಿನ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಆದಮೇಲೆ ಮಾಡಿಸಿದರೆ ಎರಡನೇ ಚೆಂಡೂ ಏಳತ್ತೆ.